ಉಣುಗೋಲು ಹಾಕಿ ಬಾ

ಮಿಷಿನು ತಗೋ ರಂಜಿತಾ, ಈ ಛತ್ರಿಯೂ ಇನ್ನು ನಿನ್ನದೇ.
ಪಟ್ಟಿಯಲ್ಲಿ ಮುನ್ನೂರ ಹನ್ನೆರಡು ಮೀಟರು.
ದಾರಿ ಮಾತ್ರ ಪಟ್ಟಿಯಲ್ಲಿಲ್ಲ,
ಅದನ್ನು ಬಾಯಲ್ಲೇ ಒಪ್ಪಿಸಬೇಕು. ಕೂತುಕೋ.

ಕುರುಡಪದವಿನಲ್ಲಿ ಬಸ್ಸು ಇಳಿಯುತ್ತೀಯಲ್ಲ,
ಡಾಮರು ಇರುವವರೆಗೆ ಸರಕಾರದ ನೆಲ.
ಆಮೇಲೆ ಒಂದೊಂದು ಹೆಜ್ಜೆಯೂ ಯಾರದೋ ಜಾಗ.
ಬೇಲಿ ಕಾಣದಿದ್ದರೂ ಇದೆಯೆಂದೇ ನಡಿ.

ಬಯಲಿನ ಕಟ್ಟಪುಣಿ ಒಂದೂವರೆ ಪಾದ ಅಗಲ.
ಎದುರು ಬಂದವರ ತಲೆಯಲ್ಲಿ ಸೊಪ್ಪಿನ ಹೊರೆಯಿದ್ದರೆ
ಕೆಸರಿಗೆ ಇಳಿಯಬೇಕಾದವಳು ನೀನು.
ಬ್ಯಾಗು ಎಷ್ಟೇ ಭಾರವಿರಲಿ,
ಹೊರೆ ಹೊತ್ತವರ ಮುಂದೆ ನಮ್ಮದು ಬರಿಗೈ.
ನೇಜಿ ನೆಟ್ಟಿರದ ಬದಿಗೆ ಇಳಿ. ಜಾರಿದರೆ ನಗುತ್ತಾರೆ,
ನಕ್ಕವರೇ ಕಾಲಿಗೆ ನೀರು ಹೊಯ್ಯುತ್ತಾರೆ.

ಕುಂಞಂಬು ಮಣಿಯಾಣಿಯ ಹಿತ್ತಿಲಲ್ಲಿ ಸುರಂಗವಿದೆ.
ಬೊಗಸೆಯೊಡ್ಡಿ ಕುಡಿ, ಯಾರೂ ಬೇಡವೆನ್ನುವುದಿಲ್ಲ.
ಕಾಲು ಮಾತ್ರ ಅಲ್ಲಿ ತೊಳೆಯಬೇಡ.
ದಂಬೆಯ ಆ ತುದಿಯಲ್ಲಿ
ನಾಲ್ಕು ಮನೆಯ ಕೊಡಪಾನಗಳು ಕಾದಿರುತ್ತವೆ.

ಮಾರ್ಚಿನಲ್ಲಿ ಗೇರುಗುಡ್ಡೆಯ ಒಳದಾರಿ ಹಿಡಿದರೆ
ಉದುರಿದ ಹಣ್ಣನ್ನು ತಿನ್ನಬಹುದು.
ಬೀಜ ತಿರುಪಿ ಬುಡದ ಕಲ್ಲಿನ ಮೇಲೆ ಇಟ್ಟು ಹೋಗು.
ಸಂಜೆ ಲಿಲ್ಲಿ ಬಾಯಿ ಹೆಕ್ಕಲು ಬರುತ್ತಾಳೆ,
ಕಲ್ಲು ನೋಡಿ ನೀನು ಹಾದುಹೋದದ್ದು ತಿಳಿಯುತ್ತಾಳೆ.

ಕೆಲವು ಮನೆಗಳ ಮೀಟರು ಬಚ್ಚಲ ಗೋಡೆಯಲ್ಲಿ.
ತಿರುವಿಗೆ ಮೊದಲು ಕೆಮ್ಮು.
ತುಳುವಿನಲ್ಲಿ ಕರೆಯಲೋ ಮಲಯಾಳದಲ್ಲೋ ಬ್ಯಾರಿಯಲ್ಲೋ
ಎಂದು ತಲೆ ಕೆಡಿಸಿಕೊಳ್ಳಬೇಡ,
ಕೆಮ್ಮು ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.
ನಾಯಿಗೂ. ಓಡಬೇಡ, ಕಲ್ಲೂ ಎತ್ತಬೇಡ,
ಅದೂ ನಮ್ಮ ಹಾಗೆ ಡ್ಯೂಟಿಯಲ್ಲಿರುತ್ತದೆ.

ಪಾರೆಯ ಮೇಲೆ ಟಿಟ್ಟಿಭ ತಲೆಯ ಮೇಲೇ ಕೂಗಿದರೆ
ಅಲ್ಲೇ ನಿಲ್ಲು. ಮೊದಲು ಪಾದದ ಸುತ್ತ ನೋಡು.
ಮೂರೋ ನಾಲ್ಕೋ ಕಲ್ಲು ಕಂಡರೆ ಅವು ಕಲ್ಲಲ್ಲ.
ಬಂದ ಹೆಜ್ಜೆಯಲ್ಲೇ ಹಿಂದೆ ಸರಿ.

ಇನ್ನು ಉಣುಗೋಲು.
ಇದನ್ನು ಹೇಳದೆ ಬಿಡೋಣವೆಂದಿದ್ದೆ.

ಬೀಫಾತಿಮ್ಮನ ಹಿತ್ತಿಲಿಗೆ ಮೂರು ಗಳದ ಉಣುಗೋಲು.
ಒಂದು ಜೂನಿನ ಮಧ್ಯಾಹ್ನ, ಮಳೆ ಹನಿಯಲು ಶುರುವಾಗಿ
ಮಿಷಿನು ನೆನೆಯುತ್ತದೆಂದು ಓಡಿದೆ.
ಗಳ ಸರಿಸಿದ್ದು ನೆನಪಿದೆ,
ಹಾಕಿದ್ದು ಇಲ್ಲ.
ಆಚೆಗೆ ಕೆಂಪುಕಲ್ಲಿನ ಹಳೆ ಕೋರೆ,
ಅಂಚಿಗೊಂದು ಕಟ್ಟೆಯೂ ಇಲ್ಲ.
ಎಂಟು ತಿಂಗಳ ಹೆಣ್ಣು ಕರು, ಹಣೆಯಲ್ಲಿ ಬಿಳಿಬೊಟ್ಟು.
ಮಾರನೆಯ ದಿನ ಬಸ್ಸಿನಲ್ಲಿ ಯಾರೋ ಹೇಳಿದರು.
ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಎರಡು ತಿಂಗಳು ಕಳೆದು ಹೋದಾಗ
ಎಂದಿನ ಹಾಗೆ ಬೆಲ್ಲದ ಚಾಯ ಕೊಟ್ಟರು.
ಆ ಸಲದ ರೀಡಿಂಗು ನೂರ ನಾಲ್ಕು, ಮರೆತಿಲ್ಲ.
ಹಟ್ಟಿಯಲ್ಲಿ ಹಗ್ಗ ಮೊಳೆಗೆ ನೇತಾಡುತ್ತಿತ್ತು.
ಯಾರು ಗಳ ತೆರೆದಿಟ್ಟದ್ದೆಂದು ಅವರು ಕೇಳಲಿಲ್ಲ,
ನಾನೂ ಹೇಳಲಿಲ್ಲ.
ಹೊರಟಾಗ ಮಾತ್ರ ಹಿಂದೆಯೇ ಬಂದರು,
ಮೂರೂ ಗಳ ತೂತಿಗೆ ಸೇರುವವರೆಗೆ
ಸೆರಗನ್ನು ತಲೆಗೆಳೆದು ನಿಂತಿದ್ದರು.

ಅಂದಿನಿಂದ ಹನ್ನೊಂದು ವರ್ಷ, ಪ್ರತಿ ಬಿಲ್ಲಿಗೂ.
ಈಗ ಮಂಡಿನೋವು ಅವರಿಗೆ; ನನಗೂ.
ಆದರೂ ಬರುತ್ತಾರೆ.
ನೀನು ಹೊಸಬಳು, ನಿನ್ನ ಹಿಂದೆಯೂ ಬಂದಾರು.
ಬೇಸರ ಮಾಡಿಕೊಳ್ಳಬೇಡ. ನಿಧಾನಕ್ಕೆ ಹಾಕು,
ಕೆಳಗಿನದು ಮೊದಲು. ನಡುವಿನ ಗಳ ಸ್ವಲ್ಪ ಡೊಂಕು,
ತಿರುಗಿಸಿ ತಳ್ಳಿದರೆ ಹೋಗುತ್ತದೆ.

ನನ್ನ ಬಗ್ಗೆ ಕೇಳಿದರೆ
ನಿವೃತ್ತಿಯಾಯಿತೆನ್ನು.
ಕರುವಿನ ವಿಷಯ ನಾನೇ ಹೋಗಿ ಹೇಳುತ್ತೇನೆ,
ಈ ಮಳೆಗಾಲ ಕಳೆಯಲಿ.

ಪೇಪರ್ ರೋಲು ಎರಡು ಇಟ್ಟುಕೋ,
ಪೊಸಡಿಗುಂಪೆಯ ಗಾಳಿಗೆ ಒಂದು ಹಾರಿಹೋಗುತ್ತದೆ.
ಹಾರಿದರೆ ಹಿಂದೆಯೇ ಓಡಿ ಹೆಕ್ಕು.
ಅಲ್ಲಿ ದನ ಮೇಯುತ್ತವೆ.