ಅರವತ್ತಮೂರು ಮಿಲಿಮೀಟರ್

ಎರಡು ಸಾಕ್ಷಿಗಳು ಅಕ್ಷರಕ್ಷರ ಒಂದೇ ಹೇಳಿದರೆ
ಎಲ್ಲೋ ಕೂರಿಸಿ ಬಾಯಿಪಾಠ ಮಾಡಿಸಿದ್ದಾರೆ ಅಂತ ಅರ್ಥ.
ತೀರಾ ಬೇರೆ ಹೇಳಿದರೆ ಒಬ್ಬ ಅಲ್ಲಿರಲೇ ಇಲ್ಲ.
ಕೂದಲೆಳೆಯಷ್ಟು ತಪ್ಪಿದರೆ ಮಾತ್ರ
ನಂಬುತ್ತದೆ ತಲೆ.

ನನ್ನ ಕಸುಬು ಆ ಕೂದಲೆಳೆ.
ಮಂಡಿ ಮೊಹಲ್ಲಾದ ಮಹಡಿ, ಕೆಳಗೆ ಬೀಟೆ ಕೊಯ್ಯುವ ಸದ್ದು.
ಮೇಲೆ ನಾನು, ಕಂಪ್ಯೂಟರಿನೊಳಗೆ ಎರಡು ಕ್ಯಾಮೆರಾ ನಿಲ್ಲಿಸಿ
ಕಬಿನಿ ಹಿನ್ನೀರಿಗೆ ಒಂದು ಆನೆ ಇಳಿಸುತ್ತಿದ್ದೇನೆ.
ಕಣ್ಣಿಗೂ ಕಣ್ಣಿಗೂ ಅರವತ್ತಮೂರು ಮಿಲಿಮೀಟರ್.
ಜಾಸ್ತಿ ಸರಿಸಿದೆನೋ, ದಸರೆ ಗೊಂಬೆಸಾಲಿನ ಆನೆ.
ಕಮ್ಮಿ ಮಾಡಿದೆನೋ, ಕ್ಯಾಲೆಂಡರಿನದು.
ದೂರದ ಗುಡ್ಡದ ಎರಡು ಚಿತ್ರ ಇನ್ನೂ ಅಗಲವಾದರೆ
ಕಣ್ಣು ಹೊರಕ್ಕೆ ಹೊರಳಬೇಕು,
ಹುಟ್ಟಿದಾಗಿನಿಂದ ಯಾರ ಕಣ್ಣೂ ಮಾಡದ ಕೆಲಸ.
ಮೊದಲ ಸಲ ನೋಡಿದ ಎದುರುಮನೆಯ ತಸ್ಕೀನ್
ನಿಂಬೆಹಣ್ಣು ಕೇಳಿದಳು.

ಪಾಪ, ಕಣ್ಣು ಎರಡು ಕೆಲಸ ಜೊತೆಗೇ ಕಲಿತಿದೆ:
ಹತ್ತಿರದ್ದಕ್ಕೆ ಒಳಗೆ ತಿರುಗುವುದು, ಹತ್ತಿರದ್ದಕ್ಕೆ ನೋಟ ಹದಮಾಡುವುದು.
ನಾನು ಅವೆರಡಕ್ಕೂ ಜಗಳ ಹಚ್ಚುವವಳು.
ಆನೆ ಮೂಗಿನ ಮುಂದಿದೆ ಎಂದು ಒಂದಕ್ಕೆ,
ಇಲ್ಲ, ಪರದೆ ಆರಡಿ ಆಚೆ ಎಂದು ಇನ್ನೊಂದಕ್ಕೆ.
ಸಣ್ಣ ಜಗಳವಾದರೆ ಸಂಸಾರ ನಡೆಯುತ್ತದೆ.

ಇನಾಯತ್ ಸಾಬರು ಸಂಜೆ ಬಂದರು, ತೋಳ ತುಂಬ ಹೊಟ್ಟು.
ನಲವತ್ತು ವರ್ಷ ಬೀಟೆಯಲ್ಲಿ ಬೇರೆ ಮರ ಕೂರಿಸಿ
ಚಪ್ಪಟೆ ಹಲಗೆಯೊಳಗೆ ಕಾಡು ಬೆಳೆಸಿದವರು.
ತಮ್ಮ ಕನ್ನಡಕದ ಮೇಲೇ ನನ್ನದನ್ನೂ ಏರಿಸಿ
ನೋಡಿದರು.
"ಸೊಂಡಿಲು ಹೊರಗೆ ಬಂತು ಮೇಡಂ, ಸರಿ.
ಆದ್ರೆ ಚೌಕಟ್ಟು ಹಿಂದೆ ಇದ್ಕೊಂಡು
ಮುಂದಿರೋ ಸೊಂಡಿಲ್ನ ಹೆಂಗೆ ಕತ್ತರಿಸ್ತು?
ಒಳಗಿಡಿ, ಇಲ್ಲಾ ಪೂರ್ತಿ ಬಿಡಿ."
ಮೂರು ವಾರದಿಂದ ಹುಡುಕುತ್ತಿದ್ದ ನೋವು
ಅಲ್ಲೇ ಇತ್ತು, ಅಂಚಿನಲ್ಲಿ.

ಆಮೇಲೆ, ಒಳ್ಳೆ ಕೆಲಸ ಕಂಡಾಗ ಮಾಡುವ ಹಾಗೆ,
ಕತ್ತು ಎಡಕ್ಕೆ ವಾಲಿಸಿದರು.
ಅಷ್ಟೆ. ಒಂದು ಕಣ್ಣು ಮೇಲೆ, ಒಂದು ಕೆಳಗೆ,
ನನ್ನ ಆನೆ ಎರಡಾಗಿ ನೀರಿನಿಂದ ಎದ್ದುಹೋಯಿತು.
"ನೆಟ್ಟಗೆ ಕೂರಬೇಕು ಸಾಬರೇ."
"ನೆಟ್ಟಗೆ ಕೂತು ಯಾರಮ್ಮ ನೋಡ್ತಾರೆ?"

ರಾತ್ರಿ ಇಳಿದುಹೋಗಿ ಅವರ ಹಲಗೆ ನೋಡಿದೆ,
ಕತ್ತು ವಾಲಿಸಿ, ಒಂದು ಕಣ್ಣು ಮುಚ್ಚಿ.
ಕಾಡು ಕದಲಲಿಲ್ಲ.
ಮೇಲೆ ಬಂದು ಸೊಂಡಿಲನ್ನು ನೀರೊಳಕ್ಕೆ ಎಳೆದೆ,
ಐವತ್ತೆಂಟಕ್ಕೆ ಇಳಿಸಿದೆ,
ಯಾರೂ ಅಬ್ಬಾ ಅನ್ನದಷ್ಟು.
ನಾಳೆ ತಸ್ಕೀನಳನ್ನು ಕರೆಯಬೇಕು.