ಖಾರ ಮಂಡಕ್ಕಿ, ರಾತ್ರಿ ಒಂದೂವರೆ

ರಾತ್ರಿ ಒಂದೂವರೆಗೆ ನಮ್ಮ ಫ್ರಿಜ್ಜು
ಕೆಮ್ಮಿ, ಗಂಟಲು ಸರಿಮಾಡಿಕೊಂಡು
ಹೆಸರು ಹಿಡಿದು ನನ್ನನ್ನೇ ಕರೆಯುತ್ತದೆ.
ಎದ್ದು ಹೋದರೆ ಒಳಗೇನಿದೆ?
ಬೆಂದ ಮೊಟ್ಟೆ ಮೂರು, ಅರ್ಧ ಸೌತೆಕಾಯಿ,
ಹೂಕೋಸು ತುರಿದು ಅನ್ನವೆಂದು ಹೆಸರಿಟ್ಟ ಒಂದು ಡಬ್ಬಿ.
ಹೆಸರಿಟ್ಟ ಮಾತ್ರಕ್ಕೆ ಓಗೊಡುತ್ತದೆಯೇ ಅದು?
ಬಾಗಿಲ ಸಂದಿಯಲ್ಲಿ ಮಾವಿನ ಮಿಡಿಯ ಬಾಟಲಿ.
ಊಟಕ್ಕಿಲ್ಲದ ಉಪ್ಪಿನಕಾಯಿ ಅನ್ನುವುದು
ನಮ್ಮ ಮನೆಯಲ್ಲಿ ಈಗ ಗಾದೆಯಲ್ಲ.

ಬ್ಯಾಲರಾಟ್‌ನ ಜುಲೈ ಚಳಿ.
ಹೀಟರಿನ ಮುಂದೆ ನಿಂತು ಬಾದಾಮಿ ಎಣಿಸುತ್ತೇನೆ.
ಹನ್ನೆರಡು ಸಾಕು ಎಂದಿದ್ದಾಳೆ ಡಯಟೀಶಿಯನ್ ಲೀಆನ್.
ಒಂದು ಲೋಟ ನೀರು ಕುಡಿ, ಹತ್ತು ನಿಮಿಷ ಕಾಯಿ,
ಆಸೆ ಅಲೆಯ ಹಾಗೆ, ಬಂದು ಹೋಗುತ್ತದೆ ಎಂದಿದ್ದಾಳೆ.
ಅವಳು ಕಡಲ ದಡದ ಹುಡುಗಿ.
ದಾವಣಗೆರೆಯವಳು ನಾನು, ಕಂಡದ್ದು ಭದ್ರಾ ನಾಲೆ:
ಒಮ್ಮೆ ಬಿಟ್ಟರೆ ಮೂರು ತಿಂಗಳು ಹರಿಯುತ್ತದೆ.

ಹಗಲೆಲ್ಲ ಆಲೂಗಡ್ಡೆ.
ವೃದ್ಧಾಶ್ರಮದ ಅಡುಗೆಮನೆಯಲ್ಲಿ
ನಲವತ್ತೆರಡು ತಟ್ಟೆಗೆ
ಬೆಣ್ಣೆ ಹಾಕಿ, ಹಾಲು ಹಾಕಿ, ಕಿವುಚಿ
ದುಂಡಗೆ ಬಡಿಸುವುದು ನನ್ನ ಕೆಲಸ.
ತೊಂಬತ್ತೊಂದರ ಡಗ್ಲಸ್ ಅಜ್ಜ ದಿನಾ ಕೇಳುತ್ತಾನೆ,
ನೀನು ತಿಂದೆಯಾ?
ತಿಂದೆ ಅನ್ನುತ್ತೇನೆ.
ಸೌಟು ತೊಳೆಯುವಾಗ ಬೆರಳು ನೆಕ್ಕದೆ ಇದ್ದದ್ದಕ್ಕೆ
ಯಾರೂ ಸಂಬಳ ಕೊಡುವುದಿಲ್ಲ.

ಹಿತ್ತಿಲ ಬೇಲಿಯ ಮೇಲೆ ಪಾಸಮ್ಮು,
ಬಟ್ಟಲುಗಣ್ಣು, ಚೀಲದಲ್ಲಿ ಮರಿ,
ನಮ್ಮ ನಿಂಬೆಯ ಸಿಪ್ಪೆ ಕೆರೆದು ತಿನ್ನುತ್ತಿದೆ.
ಮೊದಲ ವರ್ಷ ಅದಕ್ಕೆ ಬ್ರೆಡ್ಡಿನ ಚೂರು ಎಸೆದಿದ್ದೆ.
ಪಕ್ಕದ ಮನೆಯ ಮೊರೀನ್ ಬೈದಳು:
ಬ್ರೆಡ್ಡು ಆಗಿಬರುವುದಿಲ್ಲ ಅದಕ್ಕೆ, ಹೊಟ್ಟೆ ಕೆಡುತ್ತದೆ,
ಎಲೆಯೇ ಸಾಕು.
ಕೇಳಿಸಿತೇನವ್ವಾ, ಎಲೆಯೇ ಸಾಕಂತೆ.
ನಿನಗೂ ನನಗೂ ಒಂದೇ ಚೀಟಿ ಬರೆದಿದ್ದಾರೆ.

ಆಗ ಕಂಡದ್ದು, ಕಾರಿನೊಳಗೆ ದೀಪ.
ಕಳ್ಳನೆಂದುಕೊಂಡೆ. ಶಾಲು ಹೊದ್ದು
ಹವಾಯಿ ಚಪ್ಪಲಿಯಲ್ಲೇ ಹೊರಬಿದ್ದೆ,
ಹೆಪ್ಪುಗಟ್ಟಿದ ಹುಲ್ಲು ಕಾಲಡಿ ಕರಕರ ಅಂದಿತು.
ಕಳ್ಳ ನನ್ನ ಗಂಡನೇ.
ಫಾಲಾಕ್ಷ, ಐವತ್ತಾರು ತುಂಬಿದವನು,
ಮಂಗನ ಟೋಪಿ ಹಾಕಿಕೊಂಡು, ತೊಡೆಗೆ ಟವೆಲ್ಲು ಹಾಸಿ
ಸ್ಟಿಯರಿಂಗಿನ ಹಿಂದೆ ಖಾರ ಮಂಡಕ್ಕಿ ಮೇಯುತ್ತಿದ್ದಾನೆ.

ಮೂರು ತಿಂಗಳಿಂದ ನನ್ನೆದುರು ಕೂತು
ಹೂಕೋಸು ತಿಂದು "ಥೇಟ್ ಅನ್ನ" ಅಂದವನು.
ಮನೆಯಲ್ಲಿ ಒಂದು ಕಾಳು ಮಂಡಕ್ಕಿ ಇಲ್ಲವೆಂದು
ಲಿಂಗ ಮುಟ್ಟಿ ಆಣೆ ಮಾಡಿದವನು.
ಸುಳ್ಳಲ್ಲ.
ಮನೆಯಲ್ಲಿಲ್ಲ, ಡಿಕ್ಕಿಯಲ್ಲಿದೆ, ಸ್ಟೆಪ್ನಿಯ ಅಡಿ.

ಗಾಜು ತಟ್ಟಿದೆ. ಬಾಯಿ ತುಂಬಿತ್ತು, ಮಾತು ಹೊರಡಲಿಲ್ಲ.
ಊಟ ಬಲ್ಲವನಿಗೆ ರೋಗವಿಲ್ಲ,
ಮಾತು ಬಲ್ಲವನಿಗೆ ಜಗಳವಿಲ್ಲ.
ನಮ್ಮಿಬ್ಬರಿಗೂ ಎರಡೂ ಬಾರದು.
ಆ ಕಡೆಯ ಬಾಗಿಲು ತೆಗೆದು ಕೂತೆ.
ಅವನು ಪೊಟ್ಟಣ ಮಡಚಲು ಹೋದ.
"ಬೇಡ. ನೀವು ತಿನ್ನಿ. ನಾನು ಕೇಳ್ತೀನಿ."

ತಿಂದ. ಮೊದಲು ತುದಿ ಹಲ್ಲಲ್ಲಿ,
ಸಾವಿನ ಮನೆಯಲ್ಲಿ ತಿನ್ನುವವರ ಹಾಗೆ.
"ಜೋರಾಗಿ" ಅಂದೆ.
ಆಮೇಲೆ ಕುರುಂ ಕುರುಂ,
ಒಗ್ಗರಣೆಯ ಬೆಳ್ಳುಳ್ಳಿ, ಕರಿಬೇವು,
ಉಸಿರು ಗಾಜಿಗೆಲ್ಲ ಆವಿಯಾಗಿ ಕೂತಿತು.
ಕಣ್ಣು ಮುಚ್ಚಿದ್ದೆ. ದವಡೆ ತಾನೇ ಆಡುತ್ತಿತ್ತು.
ಶೇಂಗಾ ಹುಡುಕಿ ಹುಡುಕಿ ಅಂಗೈಗೆ ಹಾಕಿದ,
ಏಳು, ಒಂದೊಂದಕ್ಕೂ ಅಂಟಿದ ಖಾರ.
ಬಾದಾಮಿ ಲೆಕ್ಕಕ್ಕೆ ಬರೆದುಕೊಂಡರಾಯಿತು.

ಎಂಟನೆಯದು ಶೇಂಗಾ ಆಗಿರಲಿಲ್ಲ.
ಅವನಿಗೂ ಗೊತ್ತು.
ಗಾಜು ಒರೆಸಿ ನೋಡಿದರೆ ಬೇಲಿಯ ಮೇಲೆ
ಅದು ನಮ್ಮನ್ನೇ ನೋಡುತ್ತಿದೆ, ಬಾಯಲ್ಲಿ ನಿಂಬೆಸಿಪ್ಪೆ.
ಮೊರೀನ್‌ಗೆ ಹೇಳಬೇಡ ಅಂದೆ, ಅದಕ್ಕೆ.