ಅರಳದ ಕಾಳು

ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನಲ್ಲಿ, ಮಹಡಿ ಮೇಲೆ
ನನ್ನ ಟ್ಯೂಷನ್ನು. ಕಿಟಕಿ ತೆಗೆದರೆ ಬೋರ್ಡಿಗೆ ಮಸಿ,
ಮುಚ್ಚಿದರೆ ಸೆಕೆ. ತೆಗೆದೇ ಪಾಠ ಮಾಡುತ್ತೇನೆ.

ಇವತ್ತು ಪಾರ್ಟಿಸಿಪಲ್.
ಗೈಡಿನ ಪ್ರಕಾರ ಅರ್ಧ ಕ್ರಿಯಾಪದ, ಅರ್ಧ ಗುಣವಾಚಕ.
ಕೇಳಿ ತಾಹಿರಾ ಆಕಳಿಸಿದಳು.
ಇಂಗ್ಲಿಷ್ ಒಂದೇ ಉಳಿದಿದೆ ಅವಳಿಗೆ, ಇದು ಮೂರನೇ ಸಲ;
ನಸುಕಿನಲ್ಲೆದ್ದು ಒಲೆಗೆ ಹೊಟ್ಟು ಸುರಿದು ಬಂದವಳು.

ಗೈಡು ಮಡಚಿ ಕಿಟಕಿಯಾಚೆ ಕೈ ತೋರಿದೆ:
ಹಂಡೆಯಲ್ಲಿ ಕುದಿಯುತ್ತಿರುವುದು ಬಾಯ್ಲಿಂಗ್,
ಅಂಗಳದಲ್ಲಿ ಹರವಿರುವುದು ಬಾಯ್ಲ್ಡ್.
ಇಂಗ್ ಅಂದರೆ ಕೈಯಿಟ್ಟರೆ ಸುಡುತ್ತದೆ,
ಎಡ್ ಅಂದರೆ ಸುಟ್ಟಾಗಿದೆ.
ಓಡಾಡುತ್ತಿದ್ದ ಕ್ರಿಯಾಪದ ಬಂದು
ನಾಮಪದದ ಮುಂದೆ ನಿಂತಿದೆ, ಅಷ್ಟೇ,
ಪಾಳಿ ಮುಗಿದರೂ ಬೆವರಾರದವನ ಹಾಗೆ.

"ಹಂಗಾದ್ರೆ ಕ್ಲೋಸ್ಡ್ ಮಿಲ್, ಮಿಸ್? ನಮ್ಮಜ್ಜ ಇದ್ದದ್ದು?"
ಹೌದು.
"ಮುಚ್ಚಿದ್ದು ಯಾರು ಅಂತ ಅದ್ರಾಗೆ ಬರಲ್ಲ."
ಬರಲ್ಲ. ಎಡ್‌ಗೆ ಅದೊಂದು ಅನುಕೂಲ.

ಚೌಕಿಪೇಟೆಗೆ ನಡೆಯುತ್ತಾ ಚಿಮಣಿ ಕಂಡಿತು
ಎಂದು ಇಂಗ್ಲಿಷಿನಲ್ಲಿ ಬರೆದರೆ ನಡೆದದ್ದು ಚಿಮಣಿಯೇ,
ಒಂದು ಮಾರ್ಕು ಹೋಗುತ್ತದೆ, ಜೋಕೆ ಎಂದೆ.
"ನಡೀಲಿ ಬಿಡಿ ಮಿಸ್, ಮೂವತ್ತು ವರ್ಷದಿಂದ ನಿಂತೇ ಐತೆ."

ಬೆಂಚುಗಳು ನಕ್ಕವು. ಅವಳು ನಗಲಿಲ್ಲ.
"ಮರಳಿನಾಗೆ ಹುರಿಯುವಾಗ ಒಂದಿಷ್ಟು ಕಾಳು ಅರಳಲ್ಲ,
ಜರಡಿ ಕೆಳಗೆ ಬೀಳ್ತಾವೆ.
ಅರಳದ ಕಾಳು. ಅದಕ್ಕೆ ಏನಂತಾರೆ?"

ಅನ್‌ಪಫ್ಡ್ ಎಂದೆ. ಗಂಟಲಿಗೆ ಹೊಟ್ಟು ಸಿಕ್ಕಂತಾಯಿತು.
ನಾಟ್ ಪಫಿಂಗ್? ಅದೂ ಅಲ್ಲ.
ನಮ್ಮದು ಒಂದೇ ಒಂದು ದ:
ಬಾರದ ಬಸ್ಸು, ಹತ್ತದ ಲೆಕ್ಕ, ಅರಳದ ಕಾಳು.
ನಿನ್ನೆ ಅರಳಲಿಲ್ಲವೋ, ಈಗ ಅರಳುತ್ತಿಲ್ಲವೋ,
ನಾಳೆಯೂ ಅರಳುವುದಿಲ್ಲವೋ,
ಆ ದ ಬಾಯಿ ಬಿಡುವುದಿಲ್ಲ.
ಇಂಗು, ಎಡ್ಡುಗಳಿಗೆ ಕೈಯಲ್ಲಿ ಗಡಿಯಾರ.
ಇದಕ್ಕೆ ಇಲ್ಲ.

ಪೇಪರಿನಲ್ಲಿ ಇದನ್ನು ಕೇಳುವುದಿಲ್ಲ ಎಂದೆ.
ಆದರೂ ನೋಟಿನ ಕೊನೇ ಪುಟದಲ್ಲಿ ಬರೆದುಕೊಂಡಳು.

"ಬಿದ್ದ ಕಾಳು ಏನು ಮಾಡ್ತೀರಿ?"
"ಕೋಳಿಗೆ," ಎಂದಳು. ಪೆನ್ನಿನ ಕ್ಯಾಪು ಹುಡುಕುತ್ತಾ,
"ಒಂದೊಂದು ಸಲ ಅಮ್ಮ ತಿರುಗಿ ಮರಳಿಗೆ ಹಾಕ್ತಾಳೆ."

ಅಭ್ಯಾಸ ಎಂಟು, ಹತ್ತು ವಾಕ್ಯ, ನಾಳೆಗೆ.
ಬೋರ್ಡಿನ ಮೇಲೆ ಇಂಗು ಯಾವುದು ಎಡ್ಡು ಯಾವುದು
ಮಸಿಯಲ್ಲಿ ಆಗಲೇ ಕಾಣುತ್ತಿರಲಿಲ್ಲ.